ಮುದ್ದೆ ನಿಂತ ಜಾಗ

ಚಳ್ಳಕೆರೆ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಉಂಡೆ ಮಾಡಿ, ಸಾರಲ್ಲಿ ಅದ್ದಿ ಹಾಗೇ ನುಂಗುತ್ತಾರೆ. ಬೇರೆ ಸೀಮೆಯಿಂದ ಬಂದ ಸೊಸೆ ಇದನ್ನು ಕಲಿಯಲು ಒಂದೆರಡು ವಾರ ಒದ್ದಾಡುತ್ತಾಳೆ. ನಮ್ಮ ದೊಡ್ಡಪ್ಪ ಇದರಲ್ಲಿ ಎತ್ತಿದ ಕೈ. ಶೇಂಗಾ ಹೊಲದಿಂದ ಬಂದು ಕೂತರೆ ಎರಡು ಮುದ್ದೆ, ಮೇಲೊಂದು ಚೆಂಬು ಮಜ್ಜಿಗೆ. ಅಂಥವರಿಗೆ ಒಂದು ಮಧ್ಯಾಹ್ನ ತುತ್ತು ಎದೆಯ ನಡುವೆ ನಿಂತುಬಿಟ್ಟಿತು. ನೀರು ಕುಡಿದರು, ಇಳಿಯಿತು. ‘ಗ್ಯಾಸ್ಟ್ರಿಕ್ ಇರಬೇಕು’ ಅಂದರು. ನಾವೂ ಹೌದು ಅಂದೆವು.

ಅಲ್ಲಿಂದ ತುತ್ತು ಸಣ್ಣದಾಯಿತು, ಸಾರು ಜಾಸ್ತಿ ಆಯಿತು. ಆಮೇಲೆ ಮುದ್ದೆ ಬಿಟ್ಟು ಅನ್ನ, ಅನ್ನ ಬಿಟ್ಟು ಗಂಜಿ. ಐದು ತಿಂಗಳು ಮೆಡಿಕಲ್ ಶಾಪಿನಿಂದ ಗ್ಯಾಸ್ ಮಾತ್ರೆ ತಂದುಕೊಟ್ಟಿದ್ದು ನಾವೇ. ನಾನು ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಮ್ಮ ಒಳಗೆ ಕರೆದು ಮೆಲ್ಲಗೆ ಹೇಳಿದರು: ‘ನಿಮ್ ದೊಡ್ಡಪ್ಪ ಈಗ ಕೂತ್ಕಂಡು ಉಣ್ಣಲ್ಲ ಕಣಪ್ಪ. ಗ್ವಾಡೆ ಹಿಡ್ಕಂಡು, ನಿಂತ್ಕಂಡು ಉಣ್ತಾರೆ.’ ಮರುದಿನವೇ ದಾವಣಗೆರೆಗೆ ಕರೆದುಕೊಂಡು ಹೋದೆವು. ಎಂಡೋಸ್ಕೋಪಿ ಮಾಡಿದರು. ಅನ್ನನಾಳದ ನಡುಭಾಗದಲ್ಲಿ ಗಡ್ಡೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು.

ವರದಿ ಕೈಯಲ್ಲಿ ಹಿಡಿದುಕೊಂಡು ದೊಡ್ಡಪ್ಪ ಡಾಕ್ಟರನ್ನು ಕೇಳಿದ್ದು ಒಂದೇ ಮಾತು: ‘ನಂಗೆ ಒಂದಿನಾನೂ ಎದೆ ಉರಿ ಬಂದಿಲ್ವಲ್ಲ ಸಾರ್?’

ಪಕ್ಕದಲ್ಲಿ ನಿಂತಿದ್ದ ನನಗೆ ವಾರಕ್ಕೆ ಎರಡು ಮೂರು ಸಲ ಎದೆ ಉರಿ ಬರುತ್ತದೆ. ಅವರ ಪ್ರಶ್ನೆಯ ಇನ್ನೊಂದು ಮುಖ ನನ್ನದು. ಈ ಉರಿ ನನ್ನನ್ನು ಅಲ್ಲಿಗೇ ಕರೆದೊಯ್ಯುತ್ತದಾ? ಆ ದಿನದಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಎದೆ ಉರಿಯ ದಾರಿ ಒಂದು, ದೊಡ್ಡಪ್ಪನ ದಾರಿ ಇನ್ನೊಂದು. ಎರಡೂ ಇದೇ ನಾಳದಲ್ಲಿ ಇರುವುದರಿಂದ ನಾವು ಒಂದೇ ಅಂದುಕೊಂಡಿದ್ದೇವೆ.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ತುತ್ತು ಸುಮ್ನೆ ಕೆಳಗೆ ಬೀಳುವುದಿಲ್ಲ. ಮೇಲಿನಿಂದ ಕೆಳಗೆ ಸ್ನಾಯು ಹಿಂಡುತ್ತಾ ಹಿಂಡುತ್ತಾ ಅದನ್ನು ತಳ್ಳುತ್ತದೆ. ತಲೆಕೆಳಗಾಗಿ ನಿಂತು ನುಂಗಿದರೂ ತುತ್ತು ಹೊಟ್ಟೆಗೇ ಹೋಗುತ್ತದೆ. ಕೊನೆಯಲ್ಲಿ ಜಠರದ ಬಾಯಿಗೆ ಬಿಗಿಯಾದ ಸ್ನಾಯುವಿನ ಬಳೆ ಇದೆ. ನುಂಗಿದಾಗ ತೆರೆಯುತ್ತದೆ, ಉಳಿದ ಹೊತ್ತು ಮುಚ್ಚಿರುತ್ತದೆ. ಈ ಬಳೆ ಬೇಡದ ಹೊತ್ತಲ್ಲಿ ಸಡಿಲವಾದರೆ ಜಠರದ ಆಸಿಡ್ ಮೇಲೆ ಬರುತ್ತದೆ. ಜಠರದ ಒಳಗೋಡೆಗೆ ದಪ್ಪ ಲೋಳೆಯ ಕಾವಲು ಇದೆ. ಅನ್ನನಾಳಕ್ಕೆ ಆ ಕಾವಲು ಇಲ್ಲ.

ದಾವಣಗೆರೆಯಲ್ಲಿ ಈ ಮಾತು ಎತ್ತಿದರೆ ಎಲ್ಲರ ಬೆರಳೂ ಮಂಡಕ್ಕಿ ಮೆಣಸಿನಕಾಯಿ ಕಡೆಗೇ ಹೋಗುತ್ತದೆ. ಮೆಣಸಿನಕಾಯಿಯ ತಪ್ಪು ನಾವು ಅಂದುಕೊಂಡಷ್ಟಿಲ್ಲ. ನಮ್ಮ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಒಂದು ಪ್ರೋಟೀನು ಇದೆ. 43 ಡಿಗ್ರಿ ದಾಟಿದ ಬಿಸಿ, ಮೆಣಸಿನ ಖಾರ, ಆಸಿಡ್, ಮೂರೂ ಇದನ್ನೇ ಬಡಿದೆಬ್ಬಿಸುತ್ತವೆ. ಅದಕ್ಕೇ ಮೂರಕ್ಕೂ ನಮ್ಮ ಬಾಯಲ್ಲಿ ‘ಉರಿ’ ಅನ್ನುವ ಒಂದೇ ಮಾತು. ಇದನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಈಗಾಗಲೇ ಕೆರಳಿದ ನಾಳಕ್ಕೆ ಖಾರ ಉರಿ ಹೆಚ್ಚಿಸುತ್ತದೆ, ನಿಜ. ಆದರೆ ಆಸಿಡ್ ಮೇಲೇರುವುದಕ್ಕೆ ಖಾರಕ್ಕಿಂತ ಜಾಸ್ತಿ ದಾರಿ ಮಾಡಿಕೊಡುವುದು ಎಣ್ಣೆ, ಬೆಣ್ಣೆ, ಹೊಟ್ಟೆಯ ಬೊಜ್ಜು, ಮತ್ತು ರಾತ್ರಿ ಹತ್ತೂವರೆಗೆ ಬೆಣ್ಣೆದೋಸೆ ತಿಂದು ಹನ್ನೊಂದಕ್ಕೆ ಮಲಗುವ ಅಭ್ಯಾಸ. ಊಟ ಆದ ಮೇಲೆ ಮೂರು ಗಂಟೆ ಮಲಗಬೇಡಿ ಅಂತ ಡಾಕ್ಟರ್ ಹೇಳುವುದು ಇದಕ್ಕೇ. ಎಡಮಗ್ಗುಲಲ್ಲಿ ಮಲಗಿ ಅನ್ನುವುದಕ್ಕೂ ಕಾರಣ ಇದೆ. ಹಾಗೆ ಮಲಗಿದಾಗ ಜಠರ ನಾಳಕ್ಕಿಂತ ಕೆಳಗಿರುತ್ತದೆ, ಏರಿದ ಆಸಿಡ್ ಬೇಗ ವಾಪಸ್ ಇಳಿಯುತ್ತದೆ.

ಆಸಿಡ್ ನಾಳದ ಮೇಲ್ಪದರವನ್ನು ಸುಡುತ್ತದೆ, ಹುಣ್ಣು ಹಾಗೇ ಒಳಗೆ ಇಳಿಯುತ್ತದೆ ಅಂತ ಬಹಳ ಕಾಲ ನಂಬಿದ್ದರು. 2016ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟವಾಯಿತು. ಬರೀ 12 ಜನ ರೋಗಿಗಳು. ಅವರ ಆಸಿಡ್ ಮಾತ್ರೆಯನ್ನು ಎರಡು ವಾರ ನಿಲ್ಲಿಸಿ, ನಾಳದ ಚೂರು ತೆಗೆದು ನೋಡಿದರು. ಮೇಲ್ಪದರ ಸುಟ್ಟಿರಲಿಲ್ಲ. ಉರಿಯೂತ ಶುರುವಾಗಿದ್ದು ಒಳಪದರದಲ್ಲಿ. ಅಲ್ಲಿ ನಮ್ಮದೇ ರಕ್ಷಣೆಯ ಬಿಳಿ ರಕ್ತಕಣಗಳು ಬಂದು ಸೇರಿದ್ದವು. ಅಂದರೆ ಆಸಿಡ್ ತಾನೇ ಸುಡುವುದಕ್ಕಿಂತ ನಾಳದ ಜೀವಕೋಶಗಳನ್ನು ಕೆರಳಿಸಿ, ಅವು ರಕ್ಷಣಾ ಕಣಗಳನ್ನು ಕೂಗಿ ಕರೆಯುವಂತೆ ಮಾಡುತ್ತದೆ. ಗಾಯ ಮಾಡುವುದು ಹಾಗೆ ಬಂದ ಕಣಗಳು. ಹನ್ನೆರಡೇ ಜನರನ್ನು ಇಟ್ಟುಕೊಂಡು ಇಷ್ಟು ಹಳೆಯ ನಂಬಿಕೆಯನ್ನು ಅಲ್ಲಾಡಿಸಿದ ಈ ಕೆಲಸ ನನಗೆ ತುಂಬಾ ಇಷ್ಟ.

ಇನ್ನು ಮಾತ್ರೆ. ಜಠರದ ಗೋಡೆಯಲ್ಲಿ ಆಸಿಡ್ ಹೊರಹಾಕುವ ಕೋಟ್ಯಂತರ ಸೂಕ್ಷ್ಮ ಪಂಪುಗಳಿವೆ. 1988ರಲ್ಲಿ ಸ್ವೀಡನ್ನಿನಲ್ಲಿ ಮಾರುಕಟ್ಟೆಗೆ ಬಂದ ಒಮೆಪ್ರಜೋಲ್ ನೇರವಾಗಿ ಈ ಪಂಪನ್ನೇ ಹಿಡಿದು ನಿಲ್ಲಿಸುತ್ತದೆ. ನಾವು ನುಂಗುವ ಪ್ಯಾಂಟೊಪ್ರಜೋಲ್ ಅದರ ತಮ್ಮ. ಇದು ಚಾಲೂ ಇರುವ ಪಂಪನ್ನು ಮಾತ್ರ ಹಿಡಿಯಬಲ್ಲದು. ಪಂಪು ಚಾಲೂ ಆಗುವುದು ಊಟ ಬಂದಾಗ. ಅದಕ್ಕೇ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತಗೋಬೇಕು. ಊಟ ಆದ ಮೇಲೆ ಉರಿ ಬಂತು ಅಂತ ಆಗ ನುಂಗಿದರೆ ಅದರ ಅರ್ಧ ಶಕ್ತಿ ಹೋದಂತೆ. ನಾನು ವರ್ಷಗಟ್ಟಲೆ ಹಾಗೇ ನುಂಗಿದ್ದೇನೆ.

ಉರಿ ವರ್ಷಗಟ್ಟಲೆ ಮುಂದುವರಿದರೆ ಕೆಲವರ ನಾಳದ ಕೆಳತುದಿಯಲ್ಲಿ ಪದರವೇ ಬದಲಾಗುತ್ತದೆ. ನಾಳದ ಚಪ್ಪಟೆ ಜೀವಕೋಶ ಹೋಗಿ, ಆಸಿಡ್ ತಾಳುವ ಉದ್ದನೆಯ ಜೀವಕೋಶಗಳು ಬಂದು ಕೂರುತ್ತವೆ. ಇದಕ್ಕೆ ಬ್ಯಾರೆಟ್ ಅನ್ನನಾಳ ಅನ್ನುತ್ತಾರೆ. ಲಂಡನ್ನಿನ ಸರ್ಜನ್ ನಾರ್ಮನ್ ಬ್ಯಾರೆಟ್ 1950ರಲ್ಲಿ ಇದನ್ನು ವಿವರಿಸಿದಾಗ, ಜಠರವೇ ಮೇಲಕ್ಕೆ ಎಳೆದುಕೊಂಡಿದೆ ಅಂತ ಭಾವಿಸಿದ್ದರು. ಅದು ನಾಳವೇ ಅಂತ ಬೇರೆಯವರು ತೋರಿಸಿದ ಮೇಲೆ 1957ರಲ್ಲಿ ಒಪ್ಪಿಕೊಂಡರು. 2021ರಲ್ಲಿ ಕೇಂಬ್ರಿಜ್ ತಂಡ ಒಂದೊಂದೇ ಜೀವಕೋಶದ ಜೀನುಗಳನ್ನು ಓದಿ, ಈ ಹೊಸ ಪದರದ ಮೂಲ ಜಠರದ ಮೇಲ್ತುದಿಯ ಜೀವಕೋಶಗಳಲ್ಲೇ ಇದೆ ಅಂತ ತೋರಿಸಿತು. ಜಾಗ ನಾಳದ್ದು, ವಂಶ ಜಠರದ್ದು.

ಇಲ್ಲಿ ಒಂದು ಎಚ್ಚರದ ಮಾತು. ಈ ಹೊಸ ಪದರ ಆಸಿಡ್ಡಿಗೆ ಅಷ್ಟಾಗಿ ಉರಿಯುವುದಿಲ್ಲ. ಹತ್ತು ವರ್ಷ ಕಾಡಿದ ಎದೆ ಉರಿ ತಾನಾಗೇ ಕಡಿಮೆ ಆದರೆ ವಾಸಿಯಾಯಿತು ಅಂತಲೇ ಅರ್ಥ ಅಲ್ಲ.

ಬ್ಯಾರೆಟ್ ಪದರದಿಂದ ಹುಟ್ಟಬಹುದಾದ ಕ್ಯಾನ್ಸರಿಗೆ ಅಡಿನೋಕಾರ್ಸಿನೋಮಾ ಅಂತ ಹೆಸರು. 1999ರಲ್ಲಿ ಸ್ವೀಡನ್ನಿನ ಅಧ್ಯಯನವೊಂದು, ವಾರಕ್ಕೊಮ್ಮೆಯಾದರೂ ಆಸಿಡ್ ಮೇಲೇರುವವರಲ್ಲಿ ಈ ಕ್ಯಾನ್ಸರಿನ ಅಪಾಯ ಸುಮಾರು 8 ಪಟ್ಟು, ಬಹಳ ವರ್ಷ ಜೋರಾಗಿ ಇದ್ದವರಲ್ಲಿ 43 ಪಟ್ಟು ಅಂತ ಕಂಡಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ತೀರಾ ಅಪರೂಪದ ರೋಗ ಎಷ್ಟು ಪಟ್ಟು ಹೆಚ್ಚಿದರೂ ಅಪರೂಪವೇ. ಡೆನ್ಮಾರ್ಕಿನಲ್ಲಿ 11,000 ಬ್ಯಾರೆಟ್ ರೋಗಿಗಳ ದಾಖಲೆ ನೋಡಿದರು. 2011ರ ಆ ಲೆಕ್ಕದಲ್ಲಿ ವರ್ಷಕ್ಕೆ ಕ್ಯಾನ್ಸರ್ ಆದವರು ಶೇಕಡಾ 0.12. ಅಂದರೆ ವರ್ಷಕ್ಕೆ ಸುಮಾರು 860 ಜನರಲ್ಲಿ ಒಬ್ಬರು. ಅದೂ ಈಗಾಗಲೇ ಪದರ ಬದಲಾದವರಲ್ಲಿ. ಬರೀ ಎದೆ ಉರಿ ಇರುವವರಲ್ಲಿ ಇನ್ನೂ ಕಡಿಮೆ.

ಆ ಒಬ್ಬರನ್ನು ಹುಡುಕುವುದು ಹೇಗೆ? ಉರಿ ಇರುವ ಎಲ್ಲರಿಗೂ ಎಂಡೋಸ್ಕೋಪಿ ಮಾಡುವುದು ಆಗದ ಮಾತು. ಕೇಂಬ್ರಿಜ್‌ನ ರೆಬೆಕ್ಕಾ ಫಿಟ್ಜೆರಾಲ್ಡ್ ಅವರ ತಂಡ ಇದಕ್ಕೆ ದಾರ ಕಟ್ಟಿದ ಒಂದು ಮಾತ್ರೆ ಮಾಡಿದೆ. ಹೆಸರು ಸೈಟೋಸ್ಪಂಜ್. ಮಾತ್ರೆ ನುಂಗಿ ದಾರದ ತುದಿಯನ್ನು ಹೊರಗೇ ಹಿಡಿದಿರಬೇಕು. ಕೆಲವೇ ನಿಮಿಷದಲ್ಲಿ ಹೊದಿಕೆ ಕರಗಿ, ಒಳಗಿನ ಸ್ಪಂಜು 3 ಸೆಂಟಿಮೀಟರಿನಷ್ಟು ಅರಳುತ್ತದೆ. ದಾರ ಎಳೆದರೆ ಸ್ಪಂಜು ನಾಳದ ಉದ್ದಕ್ಕೂ ಜೀವಕೋಶ ಬಳಿದುಕೊಂಡು ಬರುತ್ತದೆ. ಇಂಗ್ಲೆಂಡಿನ 109 ಕ್ಲಿನಿಕ್‌ಗಳಲ್ಲಿ 13,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು. ಸ್ಪಂಜು ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಕರೆದ ಗುಂಪಿನಲ್ಲಿ 140 ಬ್ಯಾರೆಟ್ ಪತ್ತೆಯಾದವು. ಎಂದಿನ ಪದ್ಧತಿಯ ಗುಂಪಿನಲ್ಲಿ ಬರೀ 13. ಹೀಗೆ ಸಿಕ್ಕವರಲ್ಲಿ ಪದರ ಕೆಡಲು ಶುರುವಾಗಿದ್ದರೆ, ಎಂಡೋಸ್ಕೋಪಿಯ ಮೂಲಕವೇ ರೇಡಿಯೋ ತರಂಗದ ಬಿಸಿ ಕೊಟ್ಟು ಅದನ್ನು ಸುಟ್ಟು ತೆಗೆಯಬಹುದು. ಈ ವಿಧಾನದ ಮೇಲೆ ಯುರೋಪಿನಲ್ಲಿ 136 ಜನರನ್ನು ಮೂರು ವರ್ಷ ನೋಡಿದರು. ಸುಮ್ನೆ ಕಾದು ನೋಡಿದ ಗುಂಪಿನಲ್ಲಿ ಶೇಕಡಾ 26.5 ಜನರಿಗೆ ರೋಗ ಮುಂದಿನ ಹಂತಕ್ಕೆ ಹೋಯಿತು, ಸುಟ್ಟು ತೆಗೆದ ಗುಂಪಿನಲ್ಲಿ 1.5.

ಇಷ್ಟೆಲ್ಲ ಓದಿ ನನ್ನ ಭಯ ಕಡಿಮೆಯಾಯಿತು. ಆದರೆ ದೊಡ್ಡಪ್ಪನ ಪ್ರಶ್ನೆಗೆ ಇದರಲ್ಲಿ ಉತ್ತರ ಇರಲಿಲ್ಲ. ಅವರದು ಆ ಕ್ಯಾನ್ಸರೇ ಅಲ್ಲ.

ನಮ್ಮ ದೇಶದಲ್ಲಿ ಅನ್ನನಾಳದ ಕ್ಯಾನ್ಸರ್ ಅಂದರೆ ಬಹುಪಾಲು ಸ್ಕ್ವಾಮಸ್ ಕ್ಯಾನ್ಸರ್. ನಾಳದ ಮೂಲ ಚಪ್ಪಟೆ ಜೀವಕೋಶದಲ್ಲೇ ಹುಟ್ಟುವಂಥದ್ದು, ಹೆಚ್ಚಾಗಿ ಮೇಲ್ಭಾಗ ಅಥವಾ ನಡುಭಾಗದಲ್ಲಿ. ಆಸಿಡ್ಡಿಗೂ ಇದಕ್ಕೂ ಗಟ್ಟಿ ನಂಟು ಸಿಕ್ಕಿಲ್ಲ. ಸ್ವೀಡನ್ನಿನ ಅದೇ ಅಧ್ಯಯನದಲ್ಲೂ ನಂಟು ಕಾಣಲಿಲ್ಲ. ಇದರ ಬೇರು ಇರುವುದು ಬೀಡಿ, ಸಿಗರೇಟು, ಹೆಂಡ, ಗುಟ್ಕಾ, ಕಡ್ಡಿಪುಡಿಯಲ್ಲಿ. ತಂಬಾಕೂ ಹೆಂಡವೂ ಜೊತೆಯಾದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. 65 ಡಿಗ್ರಿ ಮೀರಿದ ಸುಡುಸುಡು ಚಹಾ, ಕಾಫಿಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2016ರಲ್ಲಿ ‘ಬಹುಶಃ ಕಾರಣ’ ಅನ್ನುವ ಪಟ್ಟಿಗೆ ಸೇರಿಸಿದೆ. ದೊಡ್ಡಪ್ಪ ಹೆಂಡ ಮುಟ್ಟಿದವರಲ್ಲ, ಬೀಡಿ ಸೇದಿದವರಲ್ಲ. ಆದರೆ ನಲವತ್ತು ವರ್ಷ ಅವರ ಸೊಂಟದಲ್ಲಿ ಎಲೆಅಡಿಕೆ ಸಂಚಿ ಇತ್ತು, ಅದರೊಳಗೆ ಕಡ್ಡಿಪುಡಿ ಇತ್ತು. ಎಲ್ಲ ರಸವನ್ನೂ ಉಗುಳಲು ಆಗುತ್ತದಾ? ದಿನಾ ಸ್ವಲ್ಪ ಸ್ವಲ್ಪ ಇದೇ ನಾಳದಲ್ಲಿ ಇಳಿದಿರುತ್ತದೆ.

ಅಡಿಕೆಯ ಮಾತು ಬರೆಯುವಾಗ ಕೈ ತಡೆಯುತ್ತದೆ. ಚನ್ನಗಿರಿ, ಭೀಮಸಮುದ್ರದ ಕಡೆ ನಮ್ಮ ನೆಂಟರ ಮಕ್ಕಳು ಓದಿದ್ದು ಅಡಿಕೆ ದುಡ್ಡಿನಲ್ಲೇ. ಆದರೂ ಅದೇ ಘಟಕ ತಂಬಾಕಿಲ್ಲದ ಎಲೆಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ ಇಪ್ಪತ್ತು ವರ್ಷ ದಾಟಿದೆ. ತೋಟ ಬೇರೆ, ಬಾಯಿ ಬೇರೆ ಅಂತ ಮನೆಯಲ್ಲಿ ಹೇಳಲು ನಾನು ಈಗ ಹಿಂಜರಿಯುವುದಿಲ್ಲ.

ಈ ಕ್ಯಾನ್ಸರ್ ಉರಿಯಿಂದ ಸುಳಿವು ಕೊಡುವುದಿಲ್ಲ, ನುಂಗುವುದರಿಂದ ಕೊಡುತ್ತದೆ. ಅನ್ನನಾಳ ಹಿಗ್ಗುವ ಕೊಳವೆ. ಒಳದಾರಿ ಸುಮಾರು 13 ಮಿಲಿಮೀಟರಿಗಿಂತ ಕಿರಿದಾಗುವವರೆಗೆ ಅನೇಕರಿಗೆ ಗೊತ್ತೇ ಆಗುವುದಿಲ್ಲ. ಮೊದಲು ಗಟ್ಟಿ ಪದಾರ್ಥ ನಿಲ್ಲುತ್ತದೆ, ಆಮೇಲೆ ಮೆತ್ತನೆಯದು, ಕೊನೆಗೆ ನೀರು. ಅಗಿದು ತಿನ್ನುವವರು ಇನ್ನಷ್ಟು ಅಗಿದು ದಿನ ದೂಡುತ್ತಾರೆ. ಮುದ್ದೆ ನುಂಗುವವರಿಗೆ ಆ ಅನುಕೂಲ ಇಲ್ಲ. ಅವರಿಗೆ ಬೇಗ ಗೊತ್ತಾಗುತ್ತದೆ. ದೊಡ್ಡಪ್ಪನಿಗೆ ಆ ಮೊದಲ ಮಧ್ಯಾಹ್ನವೇ ಗೊತ್ತಾಗಿತ್ತು. ನಾವು ಅದಕ್ಕೆ ಗ್ಯಾಸ್ಟ್ರಿಕ್ ಅಂತ ಹೆಸರಿಟ್ಟು ಐದು ತಿಂಗಳು ಕಳೆದೆವು. ನಿಮ್ಮ ಮನೆಯಲ್ಲಿ ಯಾರಿಗಾದರೂ ತುತ್ತು ಸಿಕ್ಕಿಕೊಳ್ಳುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ರಕ್ತ ವಾಂತಿ ಅಥವಾ ಕಪ್ಪು ಮಲ ಕಂಡರೆ ಮೆಡಿಕಲ್ ಶಾಪಿಗೆ ಹೋಗಬೇಡಿ. ಎಂಡೋಸ್ಕೋಪಿ ಮಾಡಿಸಿ. ಅದು ಕೆಲವೇ ನಿಮಿಷದ ಕೆಲಸ.

ನಮ್ಮ ಪುಣ್ಯ, ಗಡ್ಡೆ ಬೇರೆ ಅಂಗಕ್ಕೆ ಹರಡಿರಲಿಲ್ಲ. ಮೊದಲೆಲ್ಲ ನೇರ ಆಪರೇಷನ್ ಮಾಡುತ್ತಿದ್ದರು. 2012ರಲ್ಲಿ ನೆದರ್ಲೆಂಡ್ಸ್‌ನ ಕ್ರಾಸ್ ಅನ್ನುವ ಅಧ್ಯಯನ ಈ ಪದ್ಧತಿ ಬದಲಿಸಿತು. 366 ರೋಗಿಗಳಲ್ಲಿ ಅರ್ಧ ಜನರಿಗೆ ನೇರ ಆಪರೇಷನ್. ಉಳಿದವರಿಗೆ ಮೊದಲು ಐದು ವಾರ ಕಿಮೋ ಮತ್ತು 23 ಸಲ ರೇಡಿಯೇಷನ್, ಆಮೇಲೆ ಆಪರೇಷನ್. ಮೊದಲ ಗುಂಪಿನಲ್ಲಿ ಅರ್ಧದಷ್ಟು ಜನ 24 ತಿಂಗಳು ದಾಟಿದರೆ, ಎರಡನೆಯದರಲ್ಲಿ 49 ತಿಂಗಳು ದಾಟಿದರು. ಸ್ಕ್ವಾಮಸ್ ರೋಗಿಗಳಿಗೆ ಲಾಭ ಇನ್ನೂ ಜಾಸ್ತಿ. ಮೊದಲೇ ಕಿಮೋ, ರೇಡಿಯೇಷನ್ ಪಡೆದ ಸ್ಕ್ವಾಮಸ್ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ, ಕತ್ತರಿಸಿ ತೆಗೆದ ಭಾಗದಲ್ಲಿ ಹುಡುಕಿದರೂ ಕ್ಯಾನ್ಸರ್ ಸಿಗಲಿಲ್ಲ. ಹಾಗಾದರೆ ಅಂಥವರಿಗೆ ಆಪರೇಷನ್ ಬೇಕಾ ಅಂತ ಅಲ್ಲಿನವರೇ ಮುಂದೆ ಕೇಳಿದರು. 2025ರಲ್ಲಿ ಪ್ರಕಟವಾದ ಸಾನೊ ಅಧ್ಯಯನದಲ್ಲಿ, ಗಡ್ಡೆ ಪೂರ್ತಿ ಕರಗಿದಂತೆ ಕಂಡವರನ್ನು ಆಗಾಗ ಪರೀಕ್ಷಿಸುತ್ತಾ, ಅಗತ್ಯ ಬಿದ್ದರೆ ಮಾತ್ರ ಕತ್ತರಿಸಿದರು. ಎರಡು ವರ್ಷದ ಲೆಕ್ಕದಲ್ಲಿ ಅಂಥವರಲ್ಲಿ ಶೇಕಡಾ 74 ಜನ ಬದುಕಿದ್ದರು, ಕೂಡಲೇ ಆಪರೇಷನ್ ಆದವರಲ್ಲಿ 71. ನಾಳ ಉಳಿಸಿಕೊಂಡೇ ಬದುಕುವ ದಾರಿ ಕೆಲವರಿಗಾದರೂ ತೆರೆಯುತ್ತಿದೆ.

ದೊಡ್ಡಪ್ಪನಿಗೆ ದಾವಣಗೆರೆಯಲ್ಲೇ ಕಿಮೋ, ರೇಡಿಯೇಷನ್ ಆಯಿತು. ಆಸ್ಪತ್ರೆ ಹತ್ತಿರ ಒಂದು ರೂಮು ಮಾಡಿಕೊಂಡಿದ್ದೆವು. ಮೂರನೇ ವಾರ ಎಂಜಲು ನುಂಗಲೂ ನೋವು. ನಾಲ್ಕು ವಾರ ಕಳೆದು, ರೇಡಿಯೇಷನ್ ಮುಗಿಯುವ ಹೊತ್ತಿಗೆ ರಾಗಿ ಅಂಬಲಿ ಸಲೀಸಾಗಿ ಇಳಿಯಿತು. ಆದರೂ ಗಡ್ಡೆ ಪೂರ್ತಿ ಹೋಗಿರಲಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅನ್ನನಾಳದ ಬಹುಪಾಲು ತೆಗೆದು, ಜಠರವನ್ನೇ ಕೊಳವೆಯಂತೆ ಹೊಲಿದು, ಎದೆಯೊಳಗೆ ಮೇಲಕ್ಕೆ ಎಳೆದು ಜೋಡಿಸಿದ್ದಾರೆ. ಜಠರದ ಬಾಯಿಯ ಆ ಸ್ನಾಯುವಿನ ಬಳೆ ಈಗ ಅವರಿಗಿಲ್ಲ. ಹಾಗಾಗಿ ಮಲಗಿದರೆ ಆಸಿಡ್ ತಡೆಯಿಲ್ಲದೆ ಗಂಟಲಿಗೇ ಬರುತ್ತದೆ. ಜೀವನದಲ್ಲಿ ಮೊದಲ ಸಲ ಅವರಿಗೆ ಎದೆ ಉರಿ ಅಂದರೆ ಏನು ಅಂತ ಗೊತ್ತಾಗಿದೆ.

ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟಿದ್ದೇವೆ. ಸಂಜೆ ಏಳಕ್ಕೇ ಊಟ. ಅದೇ ಗ್ಯಾಸ್ ಮಾತ್ರೆ, ಈಗ ಡಾಕ್ಟರ್ ಬರೆದುಕೊಟ್ಟದ್ದು, ಬೆಳಗ್ಗೆ ಏಳಕ್ಕೆ ದೊಡ್ಡಮ್ಮ ಕೈಗೆ ಕೊಡುತ್ತಾರೆ. ಏಳೂವರೆಗೆ ತಟ್ಟೆ ಇಡುತ್ತಾರೆ. ನಿಂಬೆಹಣ್ಣಿನ ಗಾತ್ರದ ಮುದ್ದೆ, ಅದರಲ್ಲಿ ಗೋಲಿಯಷ್ಟು ತುತ್ತು. ದೊಡ್ಡಪ್ಪ ಕೂತುಕೊಂಡೇ ನುಂಗುತ್ತಾರೆ. ಇಳಿಯುವವರೆಗೂ ದೊಡ್ಡಮ್ಮ ಅವರ ಗಂಟಲನ್ನೇ ನೋಡುತ್ತಿರುತ್ತಾರೆ.