ಮೊದಲ ಏಟು ಬಿಟ್ಟುಕೊಡುವ ಸಂಗೀತ

ಜಮೈಕಾದ ಗಾಯಕ ಗ್ರೆಗರಿ ಐಸಾಕ್ಸ್ ಅವರ ‘ನೈಟ್ ನರ್ಸ್’ 1982ರ ಆಲ್ಬಮ್. ಜಮೈಕಾದಲ್ಲೇ ಹುಟ್ಟಿದ ರೆಗೇ ಶೈಲಿಯದು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ಟಫ್ ಗಾಂಗ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು. ಇದರಲ್ಲಿ ಯಾರೂ ಗಂಟಲು ಹರಿದುಕೊಂಡು ಹಾಡುವುದಿಲ್ಲ, ವಾದ್ಯಗಳೂ ಅಬ್ಬರಿಸುವುದಿಲ್ಲ. ಆದರೂ ಹಾಕಿದ ಸ್ವಲ್ಪ ಹೊತ್ತಿಗೇ ತಲೆ ತಾನಾಗಿ ತೂಗತೊಡಗುತ್ತದೆ. ಇಷ್ಟು ನಿಧಾನದ ಸಂಗೀತಕ್ಕೆ ಈ ಎಳೆತ ಎಲ್ಲಿಂದ ಬರುತ್ತದೆ?

ಬಾಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾ ಹೋಗಿ. ರಾಕ್, ಪಾಪ್ ಹಾಡುಗಳಲ್ಲಿ ಸಾಮಾನ್ಯವಾಗಿ ದೊಡ್ಡ ಡ್ರಮ್ಮಿನ ಏಟು ‘ಒಂದು’ ಎಂದಾಗ ಬೀಳುತ್ತದೆ. ರೆಗೇಯ ‘ಒನ್ ಡ್ರಾಪ್’ ಲಯದಲ್ಲಿ ಆ ಜಾಗ ಖಾಲಿ. ಭಾರದ ಏಟು ಬೀಳುವುದು ಮೂರಕ್ಕೆ. ಗಿಟಾರು ಎರಡಕ್ಕೂ ನಾಲ್ಕಕ್ಕೂ ಚಿಕ್ಕದಾಗಿ ನುಡಿದು ತಟ್ಟನೆ ನಿಲ್ಲುತ್ತದೆ. ನಮ್ಮ ಮಿದುಳು ಸುಮ್ನೆ ಕೇಳುತ್ತಾ ಕೂರುವುದಿಲ್ಲ. ಮುಂದಿನ ಏಟು ಯಾವಾಗ ಎಂದು ಪ್ರತಿ ಕ್ಷಣ ಊಹಿಸುತ್ತಿರುತ್ತದೆ. ಬರಬೇಕಾದ ಕಡೆ ಏಟು ಬರದಿದ್ದರೆ ಆ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ, ಮೈಯನ್ನೂ ಜೊತೆಗೆ ಎಳೆಯುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ಡ್ರಮ್ ಲಯಗಳನ್ನು ಜನರಿಗೆ ಕೇಳಿಸಿದರು. ಪೂರ್ತಿ ಸರಳವಾದದ್ದೂ, ತೀರಾ ಗೋಜಲಾದದ್ದೂ ಅಷ್ಟಾಗಿ ಹಿಡಿಸಲಿಲ್ಲ. ಊಹೆಯನ್ನು ಹದವಾಗಿ ತಪ್ಪಿಸುವ ಲಯಕ್ಕೇ ಕುಣಿಯುವ ಆಸೆಯೂ ಖುಷಿಯೂ ಜಾಸ್ತಿ.

ಏಟು ಹೀಗೆ ಜಾಗ ಬಿಟ್ಟಾಗ ಕಾಲ ಹಿಡಿದು ನಿಲ್ಲಿಸುವುದು ಬೇಸ್ ಗಿಟಾರು. ಅದರ ದಪ್ಪ ತಂತಿಯನ್ನು ಒತ್ತದೆ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಅಲೆಯ ಉದ್ದ 8 ಮೀಟರಿಗಿಂತ ಹೆಚ್ಚು! ದೊಡ್ಡ ಸ್ಪೀಕರಿನ ಮುಂದೆ ನಿಂತರೆ ಅದು ಎದೆಗೂ ತಾಗುತ್ತದೆ. ಅದೇ 2014ರ ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಒಂದು ದಪ್ಪ (ತಗ್ಗಿನ) ಸ್ವರ, ಒಂದು ತೆಳು (ಎತ್ತರದ) ಸ್ವರವನ್ನು ಜೊತೆಯಾಗಿ ನುಡಿಸುತ್ತಾ, ಆಗಾಗ ಎರಡರಲ್ಲೊಂದನ್ನು 50 ಮಿಲಿಸೆಕೆಂಡ್ ಮೊದಲೇ ನುಡಿಸಿದರು. ದಪ್ಪ ಸ್ವರ ಅವಸರ ಮಾಡಿದಾಗ ಮಿದುಳು ಹೆಚ್ಚು ಬೆಚ್ಚಿತು. ತಾಳ ಹಾಕುತ್ತಿದ್ದ ಬೆರಳುಗಳೂ ಅದನ್ನೇ ಹಿಂಬಾಲಿಸಿದವು. ರೆಗೇಯಲ್ಲಿ ಬೇಸ್ ಮುಂದೆ ನಿಂತು ನಡೆಸುವುದು ಎಷ್ಟು ಸರಿ, ಅಲ್ವಾ?

ಇನ್ನು ಈ ಹಾಡುಗಳ ನಯ. ಅದರಲ್ಲಿ ಅಮೆರಿಕದ ಸೋಲ್ ಸಂಗೀತದ ಪಾಲು ದೊಡ್ಡದು. 1950-60ರ ದಶಕಗಳಲ್ಲಿ ಮಿಯಾಮಿ, ನ್ಯೂ ಆರ್ಲಿಯನ್ಸ್‌ನ ರೇಡಿಯೋ ಜಮೈಕಾದಲ್ಲೂ ಕೇಳುತ್ತಿತ್ತು. ಸೋಲ್ ಗಾಯಕ ಕರ್ಟಿಸ್ ಮೇಫೀಲ್ಡ್‌ರ ಮೃದು ಗಾಯನ ಅಲ್ಲಿನ ಗಾಯಕರ ಮೇಲೆ ಆಳವಾದ ಪ್ರಭಾವ ಬೀರಿತು. ಐಸಾಕ್ಸ್ ಸಾಲಿನ ಕೊನೆಯನ್ನು ಎಳೆಯುವುದಿಲ್ಲ, ಉಸಿರಿನಲ್ಲೇ ಕೈಬಿಡುತ್ತಾರೆ. ಇಂಥ ಮೆಲುದನಿಗೆ ಮೈಕಿನಿಂದಲೂ ನೆರವಿದೆ. ಒಂದೇ ದಿಕ್ಕಿನಿಂದ ಶಬ್ದ ಹಿಡಿಯುವ ಮೈಕಿಗೆ ತೀರಾ ಹತ್ತಿರ ಹಾಡಿದರೆ ದನಿಯ ಕೆಳಭಾಗ ತಾನಾಗಿ ದಪ್ಪಗಾಗುತ್ತದೆ. ಕೇಳುವವರಿಗೆ ಯಾರೋ ಪಕ್ಕದಲ್ಲೇ ಕೂತು ಹೇಳಿದಂತಿರುತ್ತದೆ.

ರೂಟ್ಸ್ ರ‍್ಯಾಡಿಕ್ಸ್ ತಂಡ ನುಡಿಸಿದ ಈ ಹಾಡುಗಳಿಗೆ ಕೀಬೋರ್ಡ್ ವಾದಕ ವ್ಯಾಲಿ ಬಡಾರೂ ಆಮೇಲೆ ಸಿಂಥಸೈಜರ್ ಸೇರಿಸಿದರು. ಅವರ ಸ್ವರಗಳು ಮೇಲೆ ತೇಲುತ್ತವೆ, ಖಾಲಿ ಜಾಗಗಳನ್ನು ಮುಚ್ಚುವುದಿಲ್ಲ. ಆ ಸಂಯಮ ನನಗೆ ಈ ಆಲ್ಬಮ್ಮಿನ ದೊಡ್ಡ ಗುಣ.

ದಯವಿಟ್ಟು ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಮಾನಕ್ಕೆ ಬರಬೇಡಿ. ಅಷ್ಟು ಪುಟ್ಟ ಸ್ಪೀಕರಿಗೆ 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಸಲ ಕಂಪಿಸುವ ಆ ಬೇಸ್ ಸ್ವರವನ್ನು ಹೊರಡಿಸಲು ಆಗುವುದಿಲ್ಲ. ಅದರ ಜೊತೆಗೇ ಹುಟ್ಟುವ ಇನ್ನೂ ವೇಗದ ಕಂಪನಗಳಿಂದ ಮಿದುಳು ಆ ಸ್ವರವನ್ನು ಊಹಿಸಿಕೊಳ್ಳುತ್ತದೆ, ನಿಜ. ಆದರೆ ಎದೆಗೆ ತಾಗುವ ಒತ್ತಡವನ್ನು ಊಹೆಯಿಂದ ತರಲಾಗದು. ಒಳ್ಳೆಯ ಹೆಡ್‌ಫೋನ್ ಇದ್ದರೆ ಬೇಸ್ ಕಿವಿಗಾದರೂ ಸಿಗುತ್ತದೆ. ದೊಡ್ಡ ಸ್ಪೀಕರ್ ಸಿಕ್ಕರಂತೂ ಬಿಡಲೇಬೇಡಿ.