ಕೋಡ್ ಸರಿ, ಆ ಮೂಟೆ ಯಾಕೆ ಬಿಟ್ಟೆ?

ನಾನು ಮಡಿಕೇರಿಯ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವನು. ಕಂಪನಿಗೆ ಜನರನ್ನು ಆರಿಸುವುದೂ ಅದರಲ್ಲಿ ಸೇರಿದೆ. ಹಾಗಾಗಿ ಇಂಟರ್ವ್ಯೂ ಹತ್ತಿರ ಬಂತೆಂದರೆ ಊರಿನ ಮಕ್ಕಳು ಬಂದು ಕೂರುತ್ತಾರೆ.

ಮೊನ್ನೆ ವಿರಾಜಪೇಟೆ ಕಡೆಯ ಹುಡುಗನೊಬ್ಬ ಬಂದಿದ್ದ. ನಾನು ಕೇಳಿದ್ದು ಇಷ್ಟೇ: "ಒಂದು ಲಕ್ಷ ಕಾಫಿ ಮೂಟೆಗಳ ತೂಕ ಬರೆದಿಟ್ಟಿದೆ, ಹಗುರದಿಂದ ಭಾರಕ್ಕೆ. ಯಾವುದಾದರೂ ಎರಡು ಸೇರಿ ಸರಿಯಾಗಿ 100 ಕೆಜಿ ಆಗುತ್ತವಾ?"

ಐದು ನಿಮಿಷ ಮಾತಿಲ್ಲ. ಆಮೇಲೆ ಮುಖ ಅರಳಿತು. "ಸರ್, ಇದು ಟೂ ಸಮ್ ಅಲ್ವಾ?" ಮೊತ್ತ ಕೊಟ್ಟು ಜೋಡಿ ಹುಡುಕಿಸುವ ಮಾಮೂಲಿ ಇಂಟರ್ವ್ಯೂ ಪ್ರಶ್ನೆಗೆ ಆ ಹೆಸರು. ಹ್ಯಾಶ್ ಮ್ಯಾಪ್, ಅಂದರೆ ನೋಡಿದ್ದನ್ನೆಲ್ಲ ಇಟ್ಟುಕೊಂಡು ಕೇಳಿದ ತಕ್ಷಣ ಇದೆಯೋ ಇಲ್ಲವೋ ಹೇಳುವ ಪಟ್ಟಿ, ಹಾಕಿ ಪಟಪಟನೆ ಕೋಡ್ ಬರೆದ. ತಪ್ಪೇನೂ ಇರಲಿಲ್ಲ. ಎಲ್ಲ ಜೋಡಿ ನೋಡುತ್ತಾ ಕೂತರೆ ಸುಮಾರು 500 ಕೋಟಿ ಆಗುತ್ತವೆ. ಅವನ ದಾರಿಯಲ್ಲಿ ಪಟ್ಟಿಯನ್ನು ಒಂದು ಸಲ ಓದಿದರೆ ಮುಗಿಯಿತು. ಆದರೆ "ಹಗುರದಿಂದ ಭಾರಕ್ಕೆ" ಅಂದದ್ದು ಅವನ ಕಿವಿಗೇ ಬಿದ್ದಿರಲಿಲ್ಲ. ಬೇಡದಿದ್ದರೂ ತೂಕಗಳನ್ನೆಲ್ಲ ಮೆಮೊರಿಯಲ್ಲಿ ಇನ್ನೊಮ್ಮೆ ತುಂಬಿಸಿದ್ದ.

ಇದೇ ಪ್ರಶ್ನೆಯನ್ನು ಒಮ್ಮೆ ಸುಮ್ನೆ ಕುತೂಹಲಕ್ಕೆ ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿದ್ದೆ, ಹತ್ತಿಪ್ಪತ್ತು ತೂಕ ಸಾಲಾಗಿ ಬರೆದುಕೊಟ್ಟು. ಅವರು ಎಡಗೈ ಬೆರಳನ್ನು ಮೊದಲ ಸಾಲಿನ ಮೇಲೆ, ಬಲಗೈ ಬೆರಳನ್ನು ಕೊನೆಯ ಸಾಲಿನ ಮೇಲೆ ಇಟ್ಟರು. "30, 72. ಜಾಸ್ತಿಯಾಯ್ತು. 72 ಬಿಡಿ."

"ಯಾಕೆ ಬಿಡಬೇಕು?"

"ಇದ್ದದ್ದರಲ್ಲೇ ಹಗುರದ್ದರ ಜೊತೆ ಜಾಸ್ತಿಯಾಯ್ತಲ್ಲ ಸಾರ್, ಇನ್ಯಾವುದರ ಜೊತೆ ಕಮ್ಮಿಯಾಗುತ್ತೆ?"

ಇಂಟರ್ವ್ಯೂನಲ್ಲಿ ನಾನು ಕಾಯುವುದು ಈ ಒಂದು ಮಾತಿಗೆ. ಎರಡು ಪಾಯಿಂಟರ್‌ಗಳ, ಅಂದರೆ ಇದೇ ಎರಡು ಬೆರಳಿನ, ಕೋಡ್ ಬಾಯಿಪಾಠ ಮಾಡಿಕೊಂಡು ಬಂದವರೂ ಇಲ್ಲೇ ತಡವರಿಸುತ್ತಾರೆ. ಆ ಮೂಟೆ ಯಾಕೆ ಬಿಟ್ಟೆ? 72ರ ಹಿಂದಿನ ಸಾಲಿನಲ್ಲಿ 65 ಇದೆ ಅಂತಿಟ್ಟುಕೊಳ್ಳಿ. 30ರ ಜೊತೆ 95, ಕಮ್ಮಿಯಾಯಿತು. ಉಳಿದದ್ದರಲ್ಲಿ ಅತಿ ಭಾರದ್ದರ ಜೊತೆಗೂ 30 ನೂರು ಮುಟ್ಟಲಿಲ್ಲ, ಹಾಗಾಗಿ ಈ ಸಲ 30 ಹೊರಗೆ. ಪ್ರತಿ ಹೆಜ್ಜೆಗೂ ಒಂದು ಮೂಟೆ ಆಟದಿಂದ ಹೊರಗೆ. ಅದಕ್ಕೇ ಲಕ್ಷ ಮೂಟೆಗೆ ಲಕ್ಷಕ್ಕಿಂತ ಕಮ್ಮಿ ಹೆಜ್ಜೆ ಸಾಕು, ಹೆಚ್ಚಿನ ಮೆಮೊರಿ ಬೇಕಿಲ್ಲ. ತೂಕಗಳು ಅಡ್ಡಾದಿಡ್ಡಿ ಇದ್ದರೆ ಮಾತ್ರ ಹೀಗೆ ಬಿಡುವ ಹಾಗಿಲ್ಲ, ಬೇಕಾದ ಮೂಟೆಯೇ ಹೊರಗೆ ಹೋಗಬಹುದು. ಆಗ ಹುಡುಗನ ಹ್ಯಾಶ್ ಮ್ಯಾಪೇ ಸರಿ.

ಎಲ್ಲ ಕಂಪನಿಯವರೂ ಹೀಗೆಯೇ ನೋಡುತ್ತಾರೆ ಅಂತ ನಾನು ಹೇಳಲಾರೆ. ಮೊದಲ ಸುತ್ತಿನ ಆನ್‌ಲೈನ್ ಟೆಸ್ಟ್‌ನಲ್ಲಿ ತಿದ್ದುವುದು ಯಂತ್ರ, ಅಲ್ಲಿ ಕೈ ವೇಗವಾಗಿ ಓಡಿದರೆ ಒಳ್ಳೆಯದೇ. ದಿನದ ಕೆಲಸದಲ್ಲಿ ನಾನು ಲಿಂಕ್ಡ್ ಲಿಸ್ಟ್ ತಿರುಗಿಸುವಂಥ ಇಂಟರ್ವ್ಯೂ ಲೆಕ್ಕ ಮಾಡಿ ವರ್ಷಗಳೇ ಆದವು, ಅದೂ ನಿಜ. ಆದರೆ ಎದುರಿಗೆ ಮನುಷ್ಯ ಕೂತಿದ್ದರೆ ಬರೆಯುವ ಮೊದಲು ಬಾಯಿ ಬಿಡಿ ಮಾರಾಯ್ರೆ. ಎಷ್ಟಿವೆ, ಸಾಲಾಗಿವೆಯಾ, ಒಂದೇ ತೂಕ ಎರಡು ಸಲ ಬರಬಹುದಾ ಅಂತ ಕೇಳಿ. ಕೇಳಿದ್ದಕ್ಕೆ ನಾನಂತೂ ಯಾರಿಗೂ ಮಾರ್ಕ್ಸ್ ಕಳೆದಿಲ್ಲ.

ಅಭ್ಯಾಸ ಕಾಗದದ ಮೇಲೆ ಮಾಡಿ. ಜುಲೈ ಮಳೆಗೆ ನಮ್ಮಲ್ಲಿ ಕರೆಂಟ್ ಹೇಗೂ ಇರುವುದಿಲ್ಲ.