ಬದನೆ ದೊಡ್ಡದಾಗುವಷ್ಟರಲ್ಲಿ

ಬದನೆ ಸಸಿ ನಾಟಿ ಮಾಡಿದ ಮೊದಲ ವಾರ ಮಡಿ ನೋಡಿದರೆ ಬೇಜಾರಾಗುತ್ತದೆ. ಎರಡಡಿಗೊಂದು ಪುಟ್ಟ ಸಸಿ, ಉಳಿದದ್ದೆಲ್ಲ ಬರೀ ಮಣ್ಣು. ಲೆಕ್ಕ ಹಾಕಿದರೆ ಇನ್ನೂ ಬೇಜಾರು. 60 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಒಂದೊಂದು ಗಿಡದ ಪಾಲಿಗೆ 3,600 ಚದರ ಸೆಂ.ಮೀ. ಜಾಗ. 15 ಸೆಂ.ಮೀ. ಅಗಲಕ್ಕೆ ಹರಡಿದ ಸಸಿ ಅದರಲ್ಲಿ ಮುಚ್ಚುವುದು ಸುಮಾರು 180. ಇಪ್ಪತ್ತರಲ್ಲಿ ಒಂದು ಪಾಲು! ಮಿಕ್ಕ ಬಿಸಿಲೆಲ್ಲ ಮಣ್ಣಿನ ಮೇಲೆ ಬಿದ್ದು ನೀರು ಆರಿಸುತ್ತದೆ, ಕಳೆ ಸಾಕುತ್ತದೆ.

ಆದರೆ ಈ ಜಾಗ ಖಾಲಿ ಇರುವುದು ಸ್ವಲ್ಪ ಕಾಲ ಮಾತ್ರ. ಬದನೆ ಗಿಡಗಳು ಒಂದಕ್ಕೊಂದು ತಾಗುವುದಕ್ಕೆ ಒಂದೂವರೆ ತಿಂಗಳಾದರೂ ಬೇಕು. ಅಷ್ಟರಲ್ಲಿ ನಡುವೆ ಬಿತ್ತಿದ ಮೆಂತ್ಯ, ಹರಿವೆ 25–30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಮೂಲಂಗಿಗೆ 30–45 ದಿನ, ಕೊತ್ತಂಬರಿಗೆ 40ರ ಆಸುಪಾಸು. ಬದನೆಗೆ ಜಾಗ ಬೇಕಾಗುವ ಹೊತ್ತಿಗೆ ಇವೆಲ್ಲ ಸಾರಿಗೆ ಬಿದ್ದಿರುತ್ತವೆ.

ಹೊಲದವರಿಗೆ ಇದು ಹೊಸದೇನಲ್ಲ. ಚಾಮರಾಜನಗರದ ಕಡೆ ಅರಿಸಿನದ ನಡುವೆ ಸಣ್ಣ ಈರುಳ್ಳಿ ಹಾಕುತ್ತಾರೆ. ಅರಿಸಿನಕ್ಕೆ ಎಂಟೊಂಬತ್ತು ತಿಂಗಳು, ಈರುಳ್ಳಿಗೆ ಎರಡು ತಿಂಗಳ ಮೇಲೆ ಒಂದಿಷ್ಟು ದಿನ. ಅರಿಸಿನ ಎಲೆ ಬಿಚ್ಚಿ ನೆರಳು ಮಾಡುವ ಮೊದಲೇ ಈರುಳ್ಳಿ ದುಡ್ಡು ಕೈಗೆ. ಕಬ್ಬಿನ ಸಾಲುಗಳ ನಡುವೆ ಕೊತ್ತಂಬರಿ ಬಿತ್ತುವುದೂ ಇದೇ ಲೆಕ್ಕ. ರಾಗಿ ಹೊಲದ ಅಕ್ಕಡಿಯಲ್ಲಿ, ಅಂದರೆ ನಡುನಡುವೆ ಹಾಕುವ ಬೇರೆ ಬೆಳೆಯ ಸಾಲಿನಲ್ಲಿ ಮಾತ್ರ ಆಟ ತಿರುಗಾಮುರುಗಾ: ಅಲ್ಲಿ ರಾಗಿಯೇ ಬೇಗ ಹೊರಡುವ ನೆಂಟ, ತೊಗರಿ ನಿಧಾನಸ್ಥ.

ನೆಂಟ ಹೊರಡದಿದ್ದರೆ? ಅದನ್ನೂ ನೋಡಿದ್ದೇನೆ. ಒಂದು ಸಲ ಮೂಲಂಗಿ ಇನ್ನೂ ದಪ್ಪ ಆಗಲಿ ಅಂತ ಆಸೆಗೆ ಬಿಟ್ಟೆ. ಎರಡು ವಾರದಲ್ಲಿ ಅದರ ಸೊಪ್ಪು ಮೊಣಕಾಲೆತ್ತರ ಬಂತು. ನಡುವೆ ಸಿಕ್ಕ ಬದನೆ ಸಸಿಗಳು ಕಡ್ಡಿಯ ಹಾಗೆ ಉದ್ದ ಎದ್ದು, ಕೊಂಬೆಯೇ ಒಡೆಯಲಿಲ್ಲ. ನೀರು, ಗೊಬ್ಬರ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಕೆಡಿಸಿದ್ದು ಬೆಳಕು.

ಎಲೆ ಬಿಸಿಲಿನ ಕೆಂಪು ಬೆಳಕನ್ನು ನುಂಗುತ್ತದೆ. ಕೆಂಪಿನ ಅಂಚಿಗಿರುವ ‘ಫಾರ್ ರೆಡ್’ ಬೆಳಕನ್ನು ಹೆಚ್ಚಾಗಿ ಆಚೆಗೆ ಚೆಲ್ಲುತ್ತದೆ. ನಮ್ಮ ಕಣ್ಣಿಗೆ ಅದು ಕಂಡೂ ಕಾಣದ ಬೆಳಕು. ಆದರೆ ಗಿಡದಲ್ಲಿರುವ ಫೈಟೋಕ್ರೋಮ್ ಎಂಬ ಬಣ್ಣದ ಪ್ರೋಟೀನು ಇವೆರಡನ್ನೂ ತೂಗಿ ನೋಡುತ್ತದೆ. ಫಾರ್ ರೆಡ್ ಜಾಸ್ತಿಯಾದರೆ ಪಕ್ಕದಲ್ಲಿ ಯಾರೋ ಬೆಳೀತಿದ್ದಾರೆ ಅಂತ ಅರ್ಥ. ನೆರಳು ಬೀಳುವ ಮೊದಲೇ ಗಿಡ ಕೊಂಬೆಯ ಯೋಚನೆ ಬಿಟ್ಟು ಮೇಲಕ್ಕೆ ಓಡುತ್ತದೆ.

ಇದರ ಸುಳಿವು ಸಿಕ್ಕಿದ್ದು ಇನ್ನೊಂದು ಬೇಗ ಬೆಳೆಯುವ ಸೊಪ್ಪಿನಿಂದಲೇ. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಎಂಬ ವಿಜ್ಞಾನಿಗಳು ಮತ್ತು ಜೊತೆಗಾರರು 1952ರಲ್ಲಿ ಲೆಟ್ಯೂಸ್ ಬೀಜದ ಪ್ರಯೋಗ ಪ್ರಕಟಿಸಿದರು. ನೆನೆದ ಬೀಜಕ್ಕೆ ಕೆಂಪು ಬೆಳಕು ತೋರಿಸಿದರೆ ಮೊಳಕೆ, ಆಮೇಲೆ ಫಾರ್ ರೆಡ್ ತೋರಿಸಿದರೆ ಇಲ್ಲ. ಎಷ್ಟು ಸಲ ಅದಲು ಬದಲು ಮಾಡಿದರೂ ಕೊನೆಯ ಬೆಳಕಿನ ಮಾತೇ ನಡೆಯಿತು.

ಹಾಗಾಗಿ ನಾನೀಗ ಸಸಿಯ ಬುಡದಿಂದ ಒಂದು ಗೇಣು ಬಿಟ್ಟೇ ಬಿತ್ತುತ್ತೇನೆ. ಎಲೆ ಎಲೆಗೆ ತಾಗಿದ ದಿನ ಕಿತ್ತೆ, ಮೂಲಂಗಿ ಬೆರಳ ಗಾತ್ರ ಇದ್ದರೂ ಸರಿ. ಹರಿವೆಯನ್ನು ಕೀಳುವುದಿಲ್ಲ, ಕತ್ತರಿಯಲ್ಲಿ ಕೊಯ್ಯುತ್ತೇನೆ. ಕಿತ್ತರೆ ಬದನೆಯ ಎಳೆ ಬೇರೂ ಅಲುಗುತ್ತದೆ. ಮೆಂತ್ಯ ದ್ವಿದಳ ಜಾತಿ, ಮಣ್ಣಿಗೆ ಸಾರಜನಕ ಕೊಡುತ್ತೆ ಅಂತ ಬಹಳ ಜನ ಹೇಳುತ್ತಾರೆ. ಗಾಳಿಯ ಸಾರಜನಕ ಹಿಡಿಯುವ ಬೇರಿನ ಗಂಟು ಚೆನ್ನಾಗಿ ಕೆಲಸ ಶುರು ಮಾಡುವ ಹೊತ್ತಿಗೆ ನಾವು ಸೊಪ್ಪು ಕಿತ್ತಿರುತ್ತೇವೆ, ಅಲ್ವಾ? ಇದ್ದಬದ್ದ ಸಾರಜನಕ ಹೋಗುವುದು ನಮ್ಮ ಹೊಟ್ಟೆಗೇ.

ಕ್ಯಾರೆಟ್ ಹಾಕುವವರಿಗೆ ಮೂಲಂಗಿಯಿಂದ ಇನ್ನೊಂದು ಉಪಕಾರ ಇದೆ. ಕ್ಯಾರೆಟ್ ಬೀಜ ಏಳುವುದಕ್ಕೆ ಹತ್ತು ಹದಿನೈದು ದಿನ. ಅಷ್ಟರಲ್ಲಿ ಸಾಲು ಎಲ್ಲಿತ್ತು ಅನ್ನುವುದೇ ಮರೆತು, ಕಳೆ ತೆಗೆಯುವಾಗ ಎಳೆ ಕ್ಯಾರೆಟ್ಟನ್ನೂ ಕೆರೆದು ಹಾಕುತ್ತೇವೆ. ಬೀಜದ ಜೊತೆ ನಾಲ್ಕು ಕಾಳು ಮೂಲಂಗಿ ಸೇರಿಸಿ. ನಾಲ್ಕೈದು ದಿನಕ್ಕೆ ಅದು ಮೇಲೆದ್ದು, ಗಟ್ಟಿ ಮಣ್ಣಿನ ಹಕ್ಕಳೆ ಒಡೆದು, ಸಾಲು ಇಲ್ಲಿದೆ ಅಂತ ತೋರಿಸುತ್ತದೆ.